ಹೊಸದಾಗಿ ಬಂದ ಎರಡು ಮರಗಪ್ಪೆಗಳು: ಗೂಡು ಹೇಗಿರಬೇಕು, ಏನು ತಿನ್ನಿಸಬೇಕು?

ಕಿರುತೊರೆ

ಎಲ್ಲರಿಗೂ ನಮಸ್ಕಾರ. ಬೇರೆ ಊರಿಗೆ ಮನೆ ಬದಲಿಸಿದ ಗೆಳತಿಯೊಬ್ಬಳು ತನ್ನ ಎರಡು ವೈಟ್ಸ್ ಮರಗಪ್ಪೆಗಳನ್ನು ನನಗೆ ಒಪ್ಪಿಸಿ ಹೋಗಿದ್ದಾಳೆ. ಎರಡೂ ಬೆಳೆದ ಕಪ್ಪೆಗಳು. ಒಂದು ದಪ್ಪಗಿದೆ, ಇನ್ನೊಂದು ಸ್ವಲ್ಪ ತೆಳ್ಳಗೆ. ಅವುಗಳ ಜೊತೆ ಬಂದದ್ದು ಅಗಲವಾದ, ಎತ್ತರವಿಲ್ಲದ ಒಂದು ಹಳೆಯ ಮೀನಿನ ತೊಟ್ಟಿ, ತಳದಲ್ಲಿ ಬಣ್ಣದ ಜಲ್ಲಿಕಲ್ಲು, ಒಂದು ನೀರಿನ ಬಟ್ಟಲು, ಎರಡು ಪ್ಲಾಸ್ಟಿಕ್ ಗಿಡ ಮತ್ತು ಒಂದು ಡಬ್ಬಿ ಮೀಲ್‌ವರ್ಮ್.

ಬಂದಾಗಿನಿಂದ ಎರಡೂ ಏನನ್ನೂ ತಿಂದಿಲ್ಲ. ಹುಳುಗಳನ್ನು ಬಟ್ಟಲಿನಲ್ಲಿ ಹಾಕಿಟ್ಟರೆ ಬೆಳಿಗ್ಗೆಯೂ ಅಲ್ಲೇ ಹೊರಳಾಡುತ್ತಿರುತ್ತವೆ. ದಪ್ಪ ಕಪ್ಪೆ ಹಗಲಿಡೀ ತೊಟ್ಟಿಯ ಮೇಲಿನ ಮೂಲೆಗೆ ಅಂಟಿಕೊಂಡು ಕಣ್ಣು ಮುಚ್ಚಿ ಕುಳಿತಿರುತ್ತದೆ. ತೆಳ್ಳಗಿನದು ಬರುವಾಗ ಹಸಿರಾಗಿತ್ತು, ಈಗ ಕಂದು ಬಣ್ಣಕ್ಕೆ ತಿರುಗಿದೆ. ರಾತ್ರಿ ಮಾತ್ರ ಎರಡೂ ಓಡಾಡುವ ಸದ್ದು ಕೇಳುತ್ತದೆ.

ಬಾಯಿ ಬಿಡಿಸಿ ತಿನ್ನಿಸಬೇಕೇ? ತೊಟ್ಟಿ ಬದಲಿಸಬೇಕೇ? ನೀರು, ಬಿಸಿ, ಬೆಳಕು ಎಷ್ಟಿರಬೇಕು? ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಅವಳಿಗೆ ಕಪ್ಪೆಗಳನ್ನು ಕೈಯಲ್ಲಿ ಹಿಡಿಯುವ ಆಸೆ. ಅದು ಸರಿಯೇ? ಇವು ಚೆನ್ನಾಗಿ ಬಾಳಬೇಕು ಎಂಬುದಷ್ಟೇ ನನ್ನ ಬಯಕೆ. ದಯವಿಟ್ಟು ತಿಳಿದವರು ದಾರಿ ತೋರಿಸಿ.

ಹಸಿರೆಲೆ

ಉಳಿದದ್ದನ್ನು ಆಮೇಲೆ ಮಾತಾಡೋಣ. ಮೊದಲು ಆ ಜಲ್ಲಿಕಲ್ಲನ್ನು ಇವತ್ತೇ ತೆಗೆಯಿರಿ. ಕಪ್ಪೆ ಹುಳುವಿನ ಮೇಲೆ ಎರಗುವಾಗ ಅಡಿಯಲ್ಲಿರುವುದನ್ನೂ ಸೇರಿಸಿಯೇ ಬಾಯಿಗೆ ತುಂಬಿಕೊಳ್ಳುತ್ತದೆ. ನುಂಗಿದ ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾಗುತ್ತದೆ. ಸದ್ಯಕ್ಕೆ ಬಣ್ಣ, ಸುವಾಸನೆ ಇಲ್ಲದ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಹಾಸಿದರೆ ಸಾಕು, ದಿನವೂ ಬದಲಿಸಿ. ತೊಟ್ಟಿಯೊಳಗಿನ ಉಷ್ಣಾಂಶ ಎಷ್ಟಿದೆ ಎಂದು ಅಳೆದು ಇಲ್ಲಿ ಬರೆಯಿರಿ. ಅದು ಗೊತ್ತಾಗದೆ ಮುಂದಿನ ಸಲಹೆ ಕೊಡುವುದು ಕಷ್ಟ.

ಇರುಳುಗಾವಲು

ಕಿರುತೊರೆ ಅವರೇ, ಮೊದಲು ಧೈರ್ಯ ತಂದುಕೊಳ್ಳಿ. ಬೆಳೆದ, ಆರೋಗ್ಯವಾಗಿರುವ ವೈಟ್ಸ್ ಮರಗಪ್ಪೆ ಜಾಗ ಬದಲಾದಾಗ ವಾರದ ಮಟ್ಟಿಗೆ ಉಪವಾಸ ಇದ್ದರೆ ಅದಕ್ಕೇನೂ ಆಗುವುದಿಲ್ಲ. ಬಾಯಿ ಬಿಡಿಸಿ ತಿನ್ನಿಸುವ ಯೋಚನೆಯನ್ನು ಪೂರ್ತಿಯಾಗಿ ಕೈಬಿಡಿ. ಅದರ ದವಡೆಯ ಎಲುಬು ಬಹಳ ನಾಜೂಕು, ಪಶುವೈದ್ಯರ ಕೈಯಲ್ಲಿ ಮಾತ್ರ ಆಗಬೇಕಾದ ಕೆಲಸ ಅದು. ನೀವು ಬರೆದದ್ದನ್ನು ಓದಿದರೆ ನನಗೆ ತೋಚುವುದು ಇಷ್ಟೇ: ಕಪ್ಪೆಗೆ ಹಸಿವಿಲ್ಲ ಎಂದಲ್ಲ, ಇರುವ ಜಾಗ ಸುರಕ್ಷಿತ ಎಂದು ಅದಕ್ಕೆ ಇನ್ನೂ ಅನ್ನಿಸಿಲ್ಲ. ಗೂಡು ಸರಿಯಾಗದೆ ಊಟ ಸರಿಯಾಗುವುದಿಲ್ಲ.

ಹಗಲಿಡೀ ಕಣ್ಣು ಮುಚ್ಚಿ ಕುಳಿತಿರುವುದು ಸಹಜ. ಇವು ಇರುಳಿನ ಜೀವಿಗಳು. ಕಂದು ಬಣ್ಣ ಮಾತ್ರ ಗಮನಿಸಬೇಕಾದ ಸಂಗತಿ. ಈ ಜಾತಿ ಹಸಿರಿನಿಂದ ಕಂದಿಗೂ ಕಂದಿನಿಂದ ಹಸಿರಿಗೂ ಬಣ್ಣ ಬದಲಿಸುತ್ತದೆ. ಚಳಿಯಾದಾಗ, ಹೆದರಿದಾಗ, ಕತ್ತಲಲ್ಲಿ ಕುಳಿತಾಗ ಮಂಕಾಗುವುದುಂಟು. ದಿನಗಟ್ಟಲೆ ಹಾಗೆಯೇ ಉಳಿದರೆ ಹೆಚ್ಚಿನ ಸಲ ತೊಟ್ಟಿ ತಣ್ಣಗಿದೆ ಎಂದೇ ಅರ್ಥ.

ತೊಟ್ಟಿಯ ವಿಷಯಕ್ಕೆ ಬರುತ್ತೇನೆ. ಮರಗಪ್ಪೆಗೆ ಅಗಲಕ್ಕಿಂತ ಎತ್ತರ ಮುಖ್ಯ. ಎರಡು ಕಪ್ಪೆಗಳಿಗೆ ಕಡಿಮೆಯೆಂದರೆ 45 ಸೆಂ.ಮೀ. ಉದ್ದ, 45 ಅಗಲ, 60 ಎತ್ತರದ ಗಾಜಿನ ಪೆಟ್ಟಿಗೆ ಬೇಕು. ಮುಂದೆ ಬಾಗಿಲು ತೆರೆಯುವಂಥದ್ದಾದರೆ ಇನ್ನೂ ಒಳ್ಳೆಯದು. ಮೇಲಿನಿಂದ ಇಳಿಯುವ ಕೈ ಕಪ್ಪೆಯ ಕಣ್ಣಿಗೆ ಬೇಟೆಗೆ ಬಂದ ಹಕ್ಕಿಯ ಹಾಗೆಯೇ ಕಾಣುತ್ತದೆ. ಮುಚ್ಚಳ ಜಾಲರಿಯದ್ದಾಗಿರಲಿ, ಬಿಗಿಯಾಗಿ ಕೂರಲಿ. ಇವುಗಳ ಬೆರಳ ತುದಿಯ ಅಂಟುಗುಂಡಿಗಳಿಗೆ ನುಣುಪು ಗಾಜೂ ಒಂದೇ, ಒರಟು ತೊಗಟೆಯೂ ಒಂದೇ. ಸಡಿಲ ಮುಚ್ಚಳವನ್ನು ರಾತ್ರಿ ತಲೆಯಿಂದ ನೂಕಿಕೊಂಡು ಹೊರಬರುವಷ್ಟು ಬಲವೂ ಇದೆ.

ಹೊಸ ಪೆಟ್ಟಿಗೆ ಬರುವವರೆಗೆ ಹಳೆಯ ತೊಟ್ಟಿಯನ್ನೇ ಸುಧಾರಿಸಬಹುದು. ಹಿಂಬದಿ ಮತ್ತು ಎರಡು ಪಕ್ಕಗಳಿಗೆ ಹೊರಗಿನಿಂದ ಗಾಢ ಬಣ್ಣದ ಕಾಗದ ಅಂಟಿಸಿ. ನಾಲ್ಕೂ ಕಡೆ ಬಯಲಾಗಿರುವ ಗಾಜಿನ ನಡುವೆ ಯಾವ ಕಪ್ಪೆಗೂ ನೆಮ್ಮದಿ ಇರುವುದಿಲ್ಲ. ಕಪ್ಪೆಯ ಮೈಯಷ್ಟು ದಪ್ಪದ ಕೊಂಬೆಗಳನ್ನು ಓರೆಯಾಗಿ, ಅಲುಗಾಡದಂತೆ ನಿಲ್ಲಿಸಿ. ಕೀಟನಾಶಕ ತಾಗದ ಮರದ ಕೊಂಬೆಯಾಗಿರಲಿ, ಅಂಟು ಸುರಿಸುವ ಮರದ್ದು ಬೇಡ. ಮೇಲುಭಾಗದಲ್ಲಿ ಒಂದು ಕಾರ್ಕ್ ತೊಗಟೆಯ ಕೊಳವೆಯನ್ನೋ ಅಗಲ ಎಲೆಯ ಗಿಡವನ್ನೋ ಇಡಿ. ಎರಡು ಕಪ್ಪೆಗಳಿರುವುದರಿಂದ ಅಡಗುವ ಜಾಗವೂ ಎರಡು ಬೇಕು. ಜೀವಂತ ಗಿಡ ಬೇಕೆಂದರೆ ಮನಿ ಪ್ಲಾಂಟ್ ಧಾರಾಳವಾಗಿ ಸಾಕು. ನವಿರಾದ ಗಿಡಗಳು ಇವುಗಳ ಭಾರಕ್ಕೆ ಎರಡೇ ರಾತ್ರಿಯಲ್ಲಿ ನೆಲಕಚ್ಚುತ್ತವೆ.

ಬಿಸಿ: ಹಗಲು 24ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿ 20ರ ಆಸುಪಾಸು. ಮೇಲೊಂದು, ಕೆಳಗೊಂದು ಥರ್ಮಾಮೀಟರ್ ಇಡಿ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪಾಗಿದ್ದರೆ ಕಪ್ಪೆ ತನಗೆ ಬೇಕಾದ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಬಿಸಿಗೆ ದೀಪ ಬಳಸುವುದಾದರೆ ಅದು ಜಾಲರಿಯ ಹೊರಗೇ ಇರಬೇಕು. ಒಳಗಿಟ್ಟರೆ ಕಪ್ಪೆ ನೇರವಾಗಿ ಬಲ್ಬಿನ ಮೇಲೆ ಹಾರಿ ಕುಳಿತು ಹೊಟ್ಟೆ ಸುಟ್ಟುಕೊಳ್ಳುತ್ತದೆ. ಬಿಸಿ ಹಾಳೆ ಬಳಸಿದರೆ ಅಡಿಗಲ್ಲ, ಪಕ್ಕದ ಗಾಜಿನ ಹೊರಮೈಗೆ ಅಂಟಿಸಿ. ಎರಡಕ್ಕೂ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಸಾಧನ, ಇರಲೇಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ.

ತೇವಾಂಶದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಹರಿದಾಡುತ್ತಿದೆ, ಕಪ್ಪೆ ಎಂದರೆ ಸದಾ ತೊಟ್ಟಿಕ್ಕುತ್ತಿರಬೇಕು ಎಂದು. ವೈಟ್ಸ್ ಮರಗಪ್ಪೆಯ ತವರು ಆಸ್ಟ್ರೇಲಿಯಾದ ಉತ್ತರ ಮತ್ತು ಪೂರ್ವ ಭಾಗ ಹಾಗೂ ನ್ಯೂ ಗಿನಿಯ ದಕ್ಷಿಣ ಭಾಗ. ಒಣ ಋತುವನ್ನು ಕಂಡ ಪ್ರಾಣಿ ಇದು. ಶೇ. 50ರಿಂದ 60ರಷ್ಟು ತೇವ ಸಾಕು. ಸಂಜೆ ದೀಪ ಆರಿಸುವ ಹೊತ್ತಿಗೆ ಒಮ್ಮೆ ನೀರು ಸಿಂಪಡಿಸಿ. ಮರುದಿನ ಮಧ್ಯಾಹ್ನದೊಳಗೆ ಗಾಜು ಒಣಗಿರಬೇಕು. ಒಣಗಲೇ ಇಲ್ಲವೆಂದರೆ ಗಾಳಿ ಸಾಲುತ್ತಿಲ್ಲ. ಸದಾ ಒದ್ದೆಯಾದ, ಗಾಳಿಯಾಡದ ಪೆಟ್ಟಿಗೆಯಲ್ಲಿ ಚರ್ಮದ ಸೋಂಕು ಬೇಗ ಹತ್ತುತ್ತದೆ. ಇದೇ ಮಾತನ್ನು ಕೆಂಗಣ್ಣಿನ ಮರಗಪ್ಪೆಗೆ ಹೇಳಲಾಗದು. ಮಧ್ಯ ಅಮೆರಿಕದ ಮಳೆಕಾಡಿನ ಆ ಕಪ್ಪೆಗೆ ಇನ್ನೂ ಹೆಚ್ಚು ತೇವ ಬೇಕು. ಆದ್ದರಿಂದ ಬೇರೆಯವರ ಸಲಹೆ ಓದುವಾಗ ಯಾವ ಜಾತಿಯ ಬಗ್ಗೆ ಬರೆದಿದ್ದಾರೆ ಎಂಬುದನ್ನು ಮೊದಲು ನೋಡಿ.

ಈಗ ಊಟ. ಆ ಮೀಲ್‌ವರ್ಮ್ ಡಬ್ಬಿಯನ್ನು ಬದಿಗಿಡಿ. ಅವುಗಳ ಹೊರಕವಚ ಗಟ್ಟಿ, ಪೋಷಕಾಂಶ ಕಡಿಮೆ. ಅಪರೂಪಕ್ಕೊಮ್ಮೆ ಕೊಡಬಹುದು, ದಿನದ ಆಹಾರವಾಗಿ ಅಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಬಟ್ಟಲಿನ ತಳದಲ್ಲಿ ನಿಧಾನವಾಗಿ ಹೊರಳುವ ಹುಳು ಇವುಗಳ ಕಣ್ಣಿಗೇ ಬೀಳುವುದಿಲ್ಲ. ಚಲನೆ ಕಂಡರೆ ಮಾತ್ರ ಇವು ಬೇಟೆಗೆ ಏಳುತ್ತವೆ. ಮುಖ್ಯ ಆಹಾರ ಕ್ರಿಕೆಟ್ ಹುಳು ಅಥವಾ ಡುಬಿಯಾ ಜಿರಲೆ ಆಗಿರಲಿ. ನಡುನಡುವೆ ಮಿಡತೆ, ರೇಷ್ಮೆ ಹುಳು, ಎರೆಹುಳು ಕೊಡಿ. ಎಲ್ಲವೂ ಸಾಕಣೆಯವೇ ಆಗಿರಬೇಕು. ಮನೆಯೊಳಗಿನ ಜಿರಲೆ, ತೋಟದಲ್ಲಿ ಹಿಡಿದ ಹುಳು ಬೇಡ. ಕೀಟನಾಶಕವೋ ಪರಾವಲಂಬಿ ಹುಳುವೋ ಅವುಗಳ ಜೊತೆ ಒಳಗೆ ಹೋಗುತ್ತದೆ. ಮಿಂಚುಹುಳುವನ್ನಂತೂ ಎಂದಿಗೂ ಕೊಡಬೇಡಿ, ಅದರ ಮೈಯಲ್ಲಿ ವಿಷವಿದೆ. ಹುಳುವಿನ ಗಾತ್ರ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರದಿರಲಿ.

ನಾನು ಒತ್ತಿ ಹೇಳಬೇಕೆಂದಿರುವುದು ಇದು: ಕಪ್ಪೆಗೆ ಉಣಿಸುವ ಮುಂಚೆ ಹುಳುವಿಗೆ ಉಣಿಸಿ. ಅಂಗಡಿಯ ಡಬ್ಬಿಯಲ್ಲಿ ದಿನಗಟ್ಟಲೆ ಖಾಲಿ ಹೊಟ್ಟೆಯಲ್ಲಿ ಬಿದ್ದಿದ್ದ ಕ್ರಿಕೆಟ್ ಹುಳು ಕಪ್ಪೆಯ ಹೊಟ್ಟೆ ತುಂಬಿಸುತ್ತದೆ, ಮೈಗೆ ಹಿಡಿಯುವುದಿಲ್ಲ. ತಂದ ಮೇಲೆ ಒಂದೆರಡು ದಿನ ಅವಕ್ಕೆ ಕ್ಯಾರೆಟ್, ಹಸಿರು ಸೊಪ್ಪು, ಸಿಹಿಗೆಣಸು, ಜೊತೆಗೆ ಹುಳುಗಳಿಗೆಂದೇ ಮಾಡಿದ ಕ್ಯಾಲ್ಸಿಯಂ ಬೆರೆತ ಆಹಾರ ಹಾಕಿ. ಅಷ್ಟೂ ಸಾಲದು. ಈ ಹುಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಬರೀ ಅದನ್ನೇ ತಿಂದ ಕಪ್ಪೆ ತನ್ನ ಎಲುಬಿನ ಕ್ಯಾಲ್ಸಿಯಂ ಅನ್ನೇ ಕರಗಿಸಿಕೊಳ್ಳುತ್ತದೆ. ದವಡೆ ಮೆತ್ತಗಾಗಿ, ಬೆನ್ನು ಡೊಂಕಾಗಿ, ಕೊಂಬೆ ಹತ್ತಲಾರದೆ ನೆಲದಲ್ಲೇ ಉಳಿದ ಕಪ್ಪೆಗಳನ್ನು ನಾನು ನೋಡಿದ್ದೇನೆ. ನೋಡಲಾಗುವುದಿಲ್ಲ. ಹುಳುಗಳನ್ನು ಒಂದು ಚೀಲಕ್ಕೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಸೇರಿಸಿ ಕುಲುಕಿ, ಮೈಯೆಲ್ಲ ಬೆಳ್ಳಗಾದ ತಕ್ಷಣ ಕೊಡಿ. ತಡವಾದರೆ ಹುಳು ತನ್ನ ಮೈಯನ್ನು ತಾನೇ ಒರೆಸಿಕೊಳ್ಳುತ್ತದೆ. ಬೆಳೆದ ಕಪ್ಪೆಗೆ ಒಂದು ಊಟ ಬಿಟ್ಟು ಒಂದು ಊಟಕ್ಕೆ ವಿಟಮಿನ್ ಡಿ3 ಬೆರೆತ ಕ್ಯಾಲ್ಸಿಯಂ, ವಾರಕ್ಕೊಮ್ಮೆ ಕ್ಯಾಲ್ಸಿಯಂ ಬದಲು ಬಹುವಿಟಮಿನ್ ಪುಡಿ.

ಊಟದ ಹೊತ್ತು ದೀಪ ಆರಿದ ಮೇಲೆ. ವಾರಕ್ಕೆ ಎರಡು ಅಥವಾ ಮೂರು ಸಲ, ಒಂದು ಕಪ್ಪೆಗೆ ಒಂದು ಹೊತ್ತಿಗೆ ನಾಲ್ಕೈದು ದೊಡ್ಡ ಕ್ರಿಕೆಟ್ ಹುಳು. ಉಳಿದವನ್ನು ಮಲಗುವ ಮುಂಚೆ ಹಿಡಿದು ತೆಗೆಯಿರಿ. ಹಸಿದ ಕ್ರಿಕೆಟ್ ಹುಳು ಮಲಗಿದ ಕಪ್ಪೆಯ ಚರ್ಮವನ್ನೇ ಕಚ್ಚುತ್ತದೆ.

ಬುಗ್ಗೆನೀರು

ಇರುಳುಗಾವಲು ಅವರು ನೀರಿನ ವಿಷಯ ಬಿಟ್ಟಿದ್ದಾರೆ, ಅದನ್ನು ನಾನು ಸೇರಿಸುತ್ತೇನೆ.

ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಮೈಯ ತೆಳು ಚರ್ಮವೇ ನೀರನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲ ನೇರವಾಗಿ ಅದರ ಮೈಯೊಳಗೆ. ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟರೆ ಹಾರಿಹೋಗುತ್ತದೆ. ಆದರೆ ಕೆಲವು ಕಡೆ ಕ್ಲೋರಿನ್ ಬದಲು ಕ್ಲೋರಮೈನ್ ಬೆರೆಸುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಮೀನು ಸಾಕುವವರು ಬಳಸುವ ಕ್ಲೋರಿನ್ ನಿವಾರಕ ದ್ರಾವಣವನ್ನು, ಕ್ಲೋರಮೈನ್‌ಗೂ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿದೆಯೇ ಎಂದು ನೋಡಿ, ಹೇಳಿದ ಅಳತೆಯಲ್ಲಿ ಹಾಕಿ. ಬಟ್ಟಲಿಗೆ ಡಿಸ್ಟಿಲ್ಡ್ ನೀರು ಬೇಡ. ಅದರಲ್ಲಿ ಲವಣಗಳೇ ಇರುವುದಿಲ್ಲ.

ಬಟ್ಟಲು ಅಗಲವಾಗಿರಲಿ, ಆಳ ಕಪ್ಪೆ ಕುಳಿತಾಗ ಗಲ್ಲದ ಮಟ್ಟ ಮೀರದಿರಲಿ. ಇವು ಒಳ್ಳೆಯ ಈಜುಗಾರರಲ್ಲ. ನೀರಿನಲ್ಲೇ ಮಲವಿಸರ್ಜನೆ ಮಾಡುವುದು ಇವುಗಳ ಅಭ್ಯಾಸ, ಹಾಗಾಗಿ ದಿನಕ್ಕೊಮ್ಮೆ ಬದಲಿಸಲೇಬೇಕು. ಬಟ್ಟಲನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಹಾಕಬೇಡಿ.

ಕಿರುತೊರೆ

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಜಲ್ಲಿಕಲ್ಲು ಹೊರಗೆ ಹೋಯಿತು, ಟಿಶ್ಯೂ ಕಾಗದ ಹಾಸಿದೆ. ಮೂರು ಪಕ್ಕಕ್ಕೆ ಕಪ್ಪು ಕಾಗದ ಅಂಟಿಸಿ ಎರಡು ಕೊಂಬೆ ನಿಲ್ಲಿಸಿದೆ. ಎತ್ತರದ ಪೆಟ್ಟಿಗೆಗೆ ಹೇಳಿಟ್ಟಿದ್ದೇನೆ. ಅಳೆದು ನೋಡಿದರೆ ಹಗಲಿನಲ್ಲೇ 20 ಡಿಗ್ರಿ ಇತ್ತು! ಈಗ ಹೊರಗಿನಿಂದ ದೀಪ ಮತ್ತು ಥರ್ಮೋಸ್ಟಾಟ್ ಹಾಕಿದ ಮೇಲೆ ಮೇಲ್ಭಾಗ 27, ಕೆಳಗೆ 24. ತೆಳ್ಳಗಿನ ಕಪ್ಪೆ ಬೆಚ್ಚಗಿನ ಕೊಂಬೆಯನ್ನೇ ಹಿಡಿದು ಕುಳಿತಿದೆ, ಬೆನ್ನಿನ ಮೇಲೆ ಹಸಿರು ಮರಳುತ್ತಿದೆ.

ಮೂರು ಸಂದೇಹ ಉಳಿದಿವೆ. ದಪ್ಪ ಕಪ್ಪೆಯ ಕಣ್ಣಿನ ಹಿಂದೆ, ಕಿವಿಯ ತಮಟೆಯ ಮೇಲೆ ಚರ್ಮ ಮಡಿಕೆಯಾಗಿ ಇಳಿಬಿದ್ದಿದೆ, ಇದು ಕಾಯಿಲೆಯೇ? ಯುವಿ (ಅತಿನೇರಳೆ ಕಿರಣದ) ದೀಪ ಬೇಕೇ, ಇವು ಹಗಲು ಮಲಗುತ್ತವಲ್ಲ? ನಿನ್ನೆ ಸಂಜೆ ಅದೇ ದಪ್ಪ ಕಪ್ಪೆ ಬೆನ್ನು ಬಾಗಿಸಿ, ಮತ್ತೆ ಮತ್ತೆ ಬಾಯಿ ತೆರೆದು ಮುಚ್ಚಿ, ಕೈಗಳಿಂದ ಮುಖವನ್ನು ಉಜ್ಜಿಕೊಳ್ಳುತ್ತಿತ್ತು. ಉಸಿರು ಕಟ್ಟಿದೆಯೇನೋ ಎಂದು ಬಹಳ ಹೆದರಿದೆ. ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಯಿತು.

ಇರುಳುಗಾವಲು

ಕೊನೆಯದರಿಂದ ಶುರುಮಾಡುತ್ತೇನೆ, ಏಕೆಂದರೆ ನೀವು ಕಂಡದ್ದು ಸೊಗಸಾದ ಸಂಗತಿ. ಅದು ಪೊರೆ ಕಳಚುತ್ತಿತ್ತು. ಮುಂದಿನ ಸಲ ಟಾರ್ಚಿನ ಮಂದ ಬೆಳಕಿನಲ್ಲಿ ಹತ್ತಿರದಿಂದ ಗಮನಿಸಿ. ಬೆನ್ನಿನ ನಡುವೆ ಸೀಳುವ ತೆಳುಪೊರೆ ಎರಡೂ ಪಕ್ಕಕ್ಕೆ ಸರಿಯುತ್ತದೆ. ಕಪ್ಪೆ ಬಾಯಿ ತೆರೆದು ಮುಚ್ಚಿ ಅದರ ಅಂಚನ್ನು ಬಾಯಿಯ ಮೂಲೆಯಿಂದ ಒಳಗೆ ಎಳೆದುಕೊಳ್ಳುತ್ತದೆ. ಕೈಯಿಂದ, ಕಾಲಿನಿಂದ ಪೊರೆ ಬಿಡಿಸಿ ನುಂಗಿಬಿಡುತ್ತದೆ. ಎಲ್ಲ ಮುಗಿದಾಗ ಮೈ ಆಗಷ್ಟೇ ಎಣ್ಣೆ ಸವರಿದಂತೆ ಹೊಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮುಟ್ಟಬೇಡಿ, ಊಟವನ್ನೂ ಕೊಡಬೇಡಿ.

ಕಣ್ಣಿನ ಹಿಂದಿನ ಮಡಿಕೆ ಕೊಬ್ಬು, ಕಾಯಿಲೆಯಲ್ಲ. ಕಿವಿತಮಟೆಯ ಮೇಲೆ ಸಣ್ಣ ಏಣು ಇರುವುದು ಬೆಳೆದ ಕಪ್ಪೆಯ ಒಳ್ಳೆಯ ಲಕ್ಷಣವೇ. ಆದರೆ ಅದು ಮಡಚಿಕೊಂಡು ತಮಟೆಯನ್ನೇ ಮುಚ್ಚುತ್ತಿದ್ದರೆ ಕಪ್ಪೆ ಅತಿಯಾಗಿ ಕೊಬ್ಬಿದೆ. ಕಣ್ಣಿನ ಮೇಲೆ ಇಳಿದುಬಿಟ್ಟರೆ ನೋಟಕ್ಕೂ ತೊಂದರೆ. ಏಣು ಕಾಣದಂತೆ ಮೈ ಸೊರಗಿದ್ದರೆ ತೂಕ ಸಾಲದು ಎಂದರ್ಥ. ಈ ಜಾತಿಗೆ ಸಾಕು ಎಂಬುದೇ ಗೊತ್ತಿಲ್ಲ, ಕೊಟ್ಟಷ್ಟೂ ತಿನ್ನುತ್ತದೆ. ನಿಮ್ಮ ದಪ್ಪ ಕಪ್ಪೆಗೆ ವಾರಕ್ಕೊಂದು ಅಥವಾ ಎರಡು ಊಟ ಮಾತ್ರ ಸಾಕು. ಮೇಣದ ಹುಳು, ಮರಿ ಇಲಿಯಂಥ ಕೊಬ್ಬಿನ ಆಹಾರ ಬೇಡವೇ ಬೇಡ. ಹುಳುವನ್ನು ಕೆಳಗೆ ಬಿಟ್ಟು ಇದು ಕೊಂಬೆಯಿಂದ ಇಳಿದು ಹುಡುಕುವಂತೆ ಮಾಡಿ. ತೆಳ್ಳಗಿನದಕ್ಕೆ ಬೇರೆಯಾಗಿ, ತುದಿ ಮೊಂಡಾದ ಚಿಮಟದಲ್ಲಿ ಹಿಡಿದು ಕೊಡಿ, ಇಲ್ಲವಾದರೆ ದಪ್ಪನೆಯದೇ ಎಲ್ಲವನ್ನೂ ಕಬಳಿಸುತ್ತದೆ. ಹುಳುವನ್ನು ಮೂಗಿಗೆ ತಾಗಿಸಬೇಡಿ. ಒಂದು ಗೇಣು ದೂರದಲ್ಲಿ ಅಲುಗಾಡಿಸಿ ಕಾಯಿರಿ. ಕಪ್ಪೆ ಮೊದಲು ತಲೆ ತಿರುಗಿಸುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಕೆಲವು ಸಲ ಹಿಂಗಾಲಿನ ಬೆರಳು ಪುಟಪುಟನೆ ಮಿಡಿಯುತ್ತದೆ. ಆಮೇಲೆ ಒಂದೇ ನೆಗೆತ. ನುಂಗುವಾಗ ಎರಡೂ ಕಣ್ಣು ತಲೆಯೊಳಕ್ಕೆ ಕುಸಿಯುವುದನ್ನು ಕಂಡು ಗಾಬರಿಯಾಗಬೇಡಿ, ತುತ್ತನ್ನು ಗಂಟಲಿಗೆ ತಳ್ಳಲು ಅದು ಕಣ್ಣುಗುಡ್ಡೆಗಳ ಸಹಾಯ ಪಡೆಯುತ್ತದೆ.

ಯುವಿ ಬಗ್ಗೆ ಸಾಕುವವರಲ್ಲೇ ವಾದವಿದೆ. ನಾನು ಹಾಕುವ ಪಕ್ಷದವನು. ಶೇ. 5ರ ಯುವಿಬಿ (ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲು ನೆರವಾಗುವ ಅತಿನೇರಳೆ ಕಿರಣ) ಟ್ಯೂಬ್ ಹಗಲು ಹತ್ತು-ಹನ್ನೆರಡು ಗಂಟೆ ಉರಿಯಲಿ. ಹಗಲು ಮಲಗಿದ್ದರೂ ಎಲೆಯ ಸಂದಿನಿಂದ ಮೈಗೆ ಬೇಕಾದಷ್ಟು ತಾಗುತ್ತದೆ, ಬೇಡವೆಂದರೆ ನೆರಳಿಗೆ ಸರಿಯುತ್ತದೆ. ಗಾಜು ಯುವಿಬಿಯನ್ನು ತಡೆಯುವುದರಿಂದ ಟ್ಯೂಬ್ ಜಾಲರಿಯ ಮೇಲಿರಬೇಕು. ಕಣ್ಣಿಗೆ ಬೆಳಕು ಹಾಗೇ ಕಂಡರೂ ಯುವಿಬಿ ತಿಂಗಳುಗಳಲ್ಲಿ ಕುಗ್ಗುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಟ್ಯೂಬ್ ಇದೆ ಎಂದು ಕ್ಯಾಲ್ಸಿಯಂ ಪುಡಿ ನಿಲ್ಲಿಸಬೇಡಿ.

ಮಗಳ ಆಸೆ ಅರ್ಥವಾಗುತ್ತದೆ. ಆದರೆ ಮೊದಲ ಕೆಲವು ವಾರ ಯಾರೂ ಮುಟ್ಟದಿರುವುದೇ ಒಳ್ಳೆಯದು. ನಮ್ಮ ಕೈಯ ಉಪ್ಪು, ಎಣ್ಣೆ, ಸೋಪಿನ ಅಂಶ ಅದರ ಚರ್ಮಕ್ಕೆ ಹಾನಿ. ಸಂಜೆ ನೀರು ಸಿಂಪಡಿಸುವ, ಥರ್ಮಾಮೀಟರ್ ಓದಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಗಳಿಗೆ ವಹಿಸಿ. ಈ ಕಪ್ಪೆಗಳು ಸರಿಯಾಗಿ ಸಾಕಿದರೆ 15 ವರ್ಷ ದಾಟಿಯೂ ಬಾಳುತ್ತವೆ, ಅವಳ ಜೊತೆಯೇ ಬೆಳೆಯುತ್ತವೆ.

ಪ್ರಾಣಿವೈದ್ಯೆ

ಮೇಲಿನ ಸಲಹೆಗಳು ಸರಿಯಾಗಿವೆ. ವೈದ್ಯಕೀಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಹೊಸ ಕಪ್ಪೆ ಬಂದ ಮೇಲೆ ತಾಜಾ ಮಲವನ್ನು ಒದ್ದೆ ಟಿಶ್ಯೂವಿನ ಜೊತೆ ಪುಟ್ಟ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕೊಡಿ. ಉಭಯಚರಗಳನ್ನು ನೋಡುವ ವೈದ್ಯರು ಎಲ್ಲಿದ್ದಾರೆ ಎಂದು ಈಗಲೇ ಹುಡುಕಿಟ್ಟುಕೊಳ್ಳಿ, ಎಲ್ಲ ಪಶುವೈದ್ಯರಿಗೂ ಇದರ ರೂಢಿ ಇರುವುದಿಲ್ಲ. ಕೈಟ್ರಿಡ್ ಶಿಲೀಂಧ್ರ ಇದೆಯೇ ಎಂದು ಚರ್ಮದ ಮೇಲೆ ಹತ್ತಿಕಡ್ಡಿ ಆಡಿಸಿ ಪರೀಕ್ಷಿಸುತ್ತಾರೆ. 1990ರ ದಶಕದ ಕೊನೆಯಲ್ಲಿ ಗುರುತಿಸಲಾದ ಈ ಶಿಲೀಂಧ್ರ ಜಗತ್ತಿನ ಹಲವು ಭಾಗಗಳಲ್ಲಿ ಕಾಡು ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಈ ಕಾರಣಕ್ಕಾಗಿಯೇ ಬಟ್ಟಲಿನ ನೀರನ್ನು ಕೆರೆಗೋ ತೋಟದ ಕೊಳಕ್ಕೋ ಚೆಲ್ಲಬೇಡಿ. ಸಾಕಿದ ಕಪ್ಪೆಯನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ.

ಇನ್ನೊಂದು ಮಾತು. ಹುಳುವಿನ ಮೇಲೆ ನಾಲಿಗೆ ಚಾಚಿ ಗುರಿ ತಪ್ಪುತ್ತಲೇ ಇದ್ದರೆ, ಹುಳು ನಾಲಿಗೆಗೆ ಅಂಟದಿದ್ದರೆ ವಿಟಮಿನ್ ಎ ಕೊರತೆಯಿರಬಹುದು. ಬಹುವಿಟಮಿನ್ ಪುಡಿ ಕೊಳ್ಳುವಾಗ ಬೀಟಾ ಕ್ಯಾರೋಟಿನ್ ಮಾತ್ರ ಇರುವುದರ ಬದಲು ಸಿದ್ಧ ರೂಪದ ವಿಟಮಿನ್ ಎ, ಅಂದರೆ ರೆಟಿನಾಲ್ ಇರುವುದನ್ನು ಆರಿಸಿ. ತೊಡೆ, ಹೊಟ್ಟೆ ಕೆಂಪಾಗುವುದು, ಮೈ ಬಲೂನಿನಂತೆ ಊದುವುದು, ಬೇಟೆಯ ಹೊತ್ತಲ್ಲದಾಗಲೂ ಬೆರಳು ಅದುರುವುದು, ಹಗಲಿನಲ್ಲೂ ನೀರಿನ ಬಟ್ಟಲು ಬಿಟ್ಟು ಏಳದಿರುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ವೈದ್ಯರ ಬಳಿ ಒಯ್ಯಿರಿ. ಎತ್ತಲೇಬೇಕಾದಾಗ ಪುಡಿಯಿಲ್ಲದ ಕೈಗವಸನ್ನು ಕ್ಲೋರಿನ್ ಇಲ್ಲದ ನೀರಿನಲ್ಲಿ ಒದ್ದೆ ಮಾಡಿ ಹಾಕಿಕೊಳ್ಳಿ. ತೊಟ್ಟಿಗೆ ಕೈ ಹಾಕಿದ ಮೇಲೆ ಮಗಳೂ ನೀವೂ ಸೋಪಿನಿಂದ ಕೈ ತೊಳೆಯಬೇಕು, ಕಪ್ಪೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವುದುಂಟು.

ಕಿರುತೊರೆ

ತೆಳ್ಳಗಿನದು ನಿನ್ನೆ ರಾತ್ರಿ ಚಿಮಟದಿಂದ ಮೂರು ಕ್ರಿಕೆಟ್ ಹುಳು ತಿಂದಿತು! ಬೆರಳು ಮಿಡಿಯುವುದನ್ನು ಮಗಳೇ ಮೊದಲು ಕಂಡಳು. ದಪ್ಪನೆಯದು ಕೆಳಗಿಳಿದು ಎರಡನ್ನು ಹಿಡಿಯಿತು, ಉಳಿದವನ್ನು ತೆಗೆದೆ. ಮಲ ಪರೀಕ್ಷೆಗೆ ಹೋಗಿದೆ. ಒಂದು ಕೊನೆಯ ಪ್ರಶ್ನೆ, ಮೂರ್ನಾಲ್ಕು ದಿನ ಮನೆಯಲ್ಲಿ ಯಾರೂ ಇರದಿದ್ದರೆ ಏನು ಮಾಡಬೇಕು?

ಇರುಳುಗಾವಲು

ಓದಿ ಬಹಳ ಸಂತೋಷವಾಯಿತು. ಊಟದ ಚಿಂತೆ ಬೇಡ, ಹೊರಡುವ ಹಿಂದಿನ ರಾತ್ರಿ ತಿನ್ನಿಸಿ ಹೋದರೆ ಸಾಕು. ಹುಳುಗಳನ್ನು ಮಾತ್ರ ಒಳಗೆ ಬಿಟ್ಟು ಹೋಗಬೇಡಿ. ನೀರಿಗೆ ಮತ್ತು ಥರ್ಮೋಸ್ಟಾಟ್ ನೋಡುವುದಕ್ಕೆ ದಿನಕ್ಕೊಮ್ಮೆ ಯಾರಾದರೂ ಬರಲೇಬೇಕು. ಕ್ಲೋರಿನ್ ತೆಗೆದ ನೀರನ್ನು ಬಾಟಲಿಗಳಲ್ಲಿ ತುಂಬಿ, ಒಂದೊಂದರ ಮೇಲೂ ದಿನ ಬರೆದು ತೊಟ್ಟಿಯ ಪಕ್ಕದಲ್ಲಿಟ್ಟರೆ ಅವರಿಗೂ ಸುಲಭ. ಬಂದವರಿಗೆ ಕಪ್ಪೆಗಳು ಎಷ್ಟಿವೆ ಎಂದು ಎಣಿಸಿ, ಮುಚ್ಚಳ ಹಾಕಿ ಹೋಗಲು ಹೇಳಿ.